ಸುಬ್ಬಲಕ್ಷ್ಮಿಯ ತುಳಸಿಗಳು

ಸುಬ್ಬಲಕ್ಷ್ಮಿ ಆ ವರ್ಷ ದಣಿದ ಹಾಗೆ ತನ್ನ ಆಯುಷ್ಯದಲ್ಲಿ ಯಾವತ್ತೂ ದಣಿದಿರಲಿಲ್ಲ. ಅದಕ್ಕೆ ಕಾರಣ ಒಂದು ತುಳಸಿ ಗಿಡ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಲಿಫ್ಟು ಕೆಟ್ಟು ನಿಂತ ದಿನ, ಅರವತ್ತರ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು, ಬಟ್ಟೆ ಚೀಲದೊಳಗೆ ಸತ್ತ ತುಳಸಿಯೊಂದನ್ನು ಮುಚ್ಚಿಟ್ಟುಕೊಂಡು, ಮಧ್ಯಾಹ್ನದ ನಿದ್ದೆಯಲ್ಲಿರುವ ಗಂಡನಿಗೆ ಚಪ್ಪಲಿ ಸದ್ದು ಕೇಳಿಸದ ಹಾಗೆ ಸಿಂಗಸಂದ್ರದ ಆ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಿಂದ ಇಳಿದು ನೋಡಿ. ಆಮೇಲೆ ನಗು ಎಲ್ಲಿಂದ ಬರುತ್ತದೋ ಹೇಳಿ.

ಅವಳ ಗಂಡ ಪಟ್ಟಾಭಿರಾಮ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು. ಮದುವೆಯಾಗಿ ಬಂದಾಗಿನಿಂದ ಅವಳು ಬದುಕಿದ್ದು ಜಾಲಹಳ್ಳಿ ಕಡೆಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಹಿತ್ತಿಲ ತುಂಬ ತುಳಸಿ. ನೆಟ್ಟವರಾರೋ, ಬೀಜ ಉದುರಿದ್ದೆಲ್ಲಿಂದಲೋ, ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲೂ ಸಸಿ ಏಳುತ್ತಿತ್ತು. ನೆರೆಮನೆಯವರಿಗೆ ಕೊಟ್ಟೂ ಕೊಟ್ಟೂ ಸಾಕಾಗುತ್ತಿತ್ತು. ಕಾರ್ಖಾನೆ ಸೊರಗಿತು, ಪಟ್ಟಾಭಿರಾಮ ವಿಆರ್‌ಎಸ್ ತಗೊಂಡ. ಮಗ ಋಷಿಕೇಶನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟ್ರಾನ್ಸ್‌ಫಾರ್ಮರ್ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸವಾಯಿತು. ಹೊಸೂರು ರಸ್ತೆಯ ಮೇಲೆ ಫ್ಲೈಓವರ್ ತೆರೆದ ವರ್ಷವೇ ಮನೆಯವರೆಲ್ಲ ಇಲ್ಲಿಗೆ ಬಂದರು. ಮನೆಯೇನೋ ಸ್ವಂತದ್ದು. ಆದರೆ ಒಂದು ಹಿಡಿ ನೆಲವಿಲ್ಲ.

ಆ ಮನೆತನದಲ್ಲಿ ಏನು ಕೊಂಡರೂ ಒಂದು ಸೈಜು ದೊಡ್ಡದನ್ನೇ ಕೊಳ್ಳುವುದು. ಋಷಿಕೇಶ ಸ್ಕೂಲು ಮುಗಿಸುವ ತನಕ ಹೊಸ ಯೂನಿಫಾರ್ಮಿನ ತೋಳು ಮಡಚಿಕೊಂಡೇ ಓಡಾಡಿದವನು; ಅದು ಅವನ ಅಳತೆಗೆ ಬರುವ ಹೊತ್ತಿಗೆ ಬಣ್ಣ ಹೋಗಿರುತ್ತಿತ್ತು. ಬೆಳೆಯೋ ಮಕ್ಕಳು, ಇರಲಿ ಬಿಡು, ಎಂಬ ಮಾತನ್ನು ಪಟ್ಟಾಭಿರಾಮ ಎಷ್ಟು ಅಂಗಡಿಗಳಲ್ಲಿ ಹೇಳಿದ್ದಾನೋ ಲೆಕ್ಕವಿಲ್ಲ. ಗೃಹಪ್ರವೇಶಕ್ಕೆ ತುಳಸಿ ಬೃಂದಾವನ ಕೊಳ್ಳಲು ಹೋದಾಗಲೂ ಅದೇ ಆಯಿತು. ಜೊತೆಗೆ ಅವನ ಅಕ್ಕ ಕಾಮಾಕ್ಷಿ ಬೇರೆ. ನಾಲ್ಕು ದಿಕ್ಕಿಗೂ ದೀಪದ ಗೂಡು, ಮುಂಭಾಗದಲ್ಲಿ ಕೊಳಲು ಹಿಡಿದ ಕೃಷ್ಣ, ಸೊಂಟದೆತ್ತರದ ಸಿಮೆಂಟಿನದನ್ನು ಅವಳು ಆರಿಸಿದಳು.

"ಅಷ್ಟು ದೊಡ್ಡದು ಯಾಕೆ ಅತ್ತಿಗೆ? ಬಾಲ್ಕನೀಲಿ ಬಟ್ಟೆ ಹರವೋಕೂ ಜಾಗ ಇರಲ್ಲ," ಅಂದಿದ್ದಳು ಸುಬ್ಬಲಕ್ಷ್ಮಿ.

"ದೇವರಿಗೆ ತರೋದ್ರಲ್ಲಿ ಜುಗ್ಗತನ ಬೇಡ ಸುಬ್ಬಲಕ್ಷ್ಮಿ. ಗಿಡ ಬೆಳೆಯುತ್ತಲ್ಲ, ಆಗ ಇನ್ನೊಂದು ತರ್ತೀಯಾ?"

ಆಳುಗಳು ಏದುಸಿರು ಬಿಡುತ್ತ ಅದನ್ನು ಮೇಲಕ್ಕೆ ಹೊತ್ತರು. ಅದರ ಬುಡದಲ್ಲಿ ನೀರು ಹೋಗಲು ಒಂದು ತೂತಿತ್ತು. ಆ ತೂತನ್ನು ಸಿಮೆಂಟು ಮೆತ್ತಿಸಿ ಮುಚ್ಚಿಸಿದವಳು ಮಾತ್ರ ಸುಬ್ಬಲಕ್ಷ್ಮಿಯೇ. ಕೆಳಗಿನ ಮನೆಯ ಲಕ್ಷ್ಮಯ್ಯನವರು ಸರಿಯಾಗಿ ಅದರ ಕೆಳಗೆ ಚಪ್ಪಲಿ ಸ್ಟ್ಯಾಂಡ್ ಇಟ್ಟುಕೊಂಡಿದ್ದರು. ತುಳಸಿಯ ಪಾದ ತೊಳೆದ ನೀರು ಹೋಗಿ ಹೋಗಿ ಯಾರದೋ ಚಪ್ಪಲಿ ಮೇಲೆ ಬೀಳುವುದೇ? ಶಿವ ಶಿವಾ. ಅವಳ ಮನಸ್ಸು ಒಪ್ಪಲಿಲ್ಲ. ಮೂಟೆಗಟ್ಟಲೆ ಮಣ್ಣು ತುಂಬಿ, ನಡುವೆ ಗೇಣುದ್ದದ ಒಂದು ಸಸಿ ನೆಟ್ಟರು. ಅಷ್ಟು ದೊಡ್ಡ ಬಾಯಿಯಲ್ಲಿ ಅದು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು.

ಅದಾದ ಮೇಲೆ ನಡೆದದ್ದನ್ನು ಹೇಳುವುದಕ್ಕೆ ನನಗೂ ಮನಸ್ಸು ಬರುವುದಿಲ್ಲ. ಸುಬ್ಬಲಕ್ಷ್ಮಿ ದಂಪತಿ ನಂಟರ ಮದುವೆಗೆಂದು ಮಧುರೆಗೆ ಹೋದರು. ಹೋಗುವಾಗ ಸೊಸೆ ಸುಕೃತಿಗೆ ಹೇಳಿದ್ದು ಒಂದೇ ಮಾತು: "ದಿನಾ ಸ್ನಾನ ಆದಮೇಲೆ ತುಳಸಿಗೆ ಒಂದು ಚೊಂಬು ನೀರು, ಮರೀಬೇಡಮ್ಮ." ಸುಕೃತಿಗೆ ಆಗ ಮೂರು ತಿಂಗಳು. ಬೆಳಗಾದರೆ ವಾಕರಿಕೆ, ಅದರ ಮೇಲೆ ಆಫೀಸಿನ ಬಸ್ಸು. ಹುಡುಗಿ ಎರಡು ದಿನ ಮರೆತಳು. ಇವರು ವಾಪಸಾಗುವ ಹೊತ್ತಿಗೆ ತುಳಸಿ ಎಲೆ ಉದುರಿಸಿ ಕಡ್ಡಿಯಾಗಿ ನಿಂತಿತ್ತು. ಅದೇ ವಾರ ಸುಕೃತಿಯ ಹೊಟ್ಟೆಯಲ್ಲಿದ್ದದ್ದೂ ಹೋಯಿತು.

ನೋಡಲು ಬಂದ ಕಾಮಾಕ್ಷಿ ಹಾಸಿಗೆಯ ಪಕ್ಕ ಕೂತು, ತಲೆ ಸವರಿ, ಕಣ್ಣೊರೆಸಿಕೊಂಡು, ಎದ್ದು ಬಾಲ್ಕನಿಗೆ ಹೋದಳು. ಅಲ್ಲಿಂದಲೇ ಎಲ್ಲರಿಗೂ ಕೇಳಿಸುವ ಹಾಗೆ ಅಂದಳು: "ತುಳಸಿ ಒಣಗಿಸಿದ ಮನೇಲಿ ಇನ್ನೇನು ಉಳಿಯುತ್ತೆ ಹೇಳು."

ಆ ನಾಲಿಗೆಗೆ ಏನು ಹೇಳೋಣ! ಸುಬ್ಬಲಕ್ಷ್ಮಿ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದವಳು ಹಾಗೇ ನಿಂತಳು. ತಿರುಗಿ ನಾಲ್ಕು ಮಾತು ಆಡಬೇಕಿತ್ತು, ಆಡಲಿಲ್ಲ. ಒಳಗಿನ ಕೋಣೆಯಲ್ಲಿ ಸುಕೃತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಆಮೇಲೆ ತಿಂಗಳುಗಟ್ಟಲೆ ಆ ಹುಡುಗಿ ಬಾಲ್ಕನಿಗೆ ಕಾಲಿಡಲಿಲ್ಲ. ಟವೆಲ್ ತರಬೇಕಿದ್ದರೂ ಗಂಡನನ್ನೇ ಕಳಿಸುತ್ತಿದ್ದಳು. ಸುಬ್ಬಲಕ್ಷ್ಮಿ ಇದನ್ನೆಲ್ಲ ನೋಡಿ ಹೊಟ್ಟೆಗೆ ಹಾಕಿಕೊಂಡಳು.

ಮಾರನೇ ವರ್ಷ ಸುಕೃತಿ ಮತ್ತೆ ಬಸುರಿಯಾದಳು. ಮನೆಯಲ್ಲಿ ಯಾರೂ ಸಿಹಿ ಹಂಚಲಿಲ್ಲ, ಯಾರಿಗೂ ಫೋನು ಮಾಡಲಿಲ್ಲ. ಮೂರು ತಿಂಗಳು ದಾಟಲಿ, ಆಮೇಲೆ ನೋಡೋಣ ಎಂದು ಎಲ್ಲರೂ ಉಸಿರು ಬಿಗಿಹಿಡಿದು ಓಡಾಡಿದರು. ಬೃಂದಾವನದಲ್ಲಿ ಹೊಸ ತುಳಸಿ ಇತ್ತು. ಒಂದು ಬೆಳಗ್ಗೆ ಅದರ ತುದಿ ಎಲೆ ಹಳದಿಯಾಗಿದ್ದು ಕಂಡು ಸುಬ್ಬಲಕ್ಷ್ಮಿ ಸೊಸೆಯ ಕೋಣೆಯ ಕಡೆ ತಿರುಗಿ ನೋಡಿದಳು. ಸುಕೃತಿ ಇದನ್ನು ನೋಡಬಾರದು. ಗಿಡ ಉಳಿಯುತ್ತದೋ ಬಿಡುತ್ತದೋ, ಹುಡುಗಿಯ ಕಣ್ಣಿಗೆ ಬೀಳುವುದು ಮಾತ್ರ ಹಸಿರಾಗಿರಬೇಕು. ಈ ಒಂದು ಯೋಚನೆ ಅವಳನ್ನು ಹಿಡಿದುಕೊಂಡಿತು.

ಅಂದಿನಿಂದ ಶುರುವಾಯಿತು ಈ ಕಳ್ಳ ಕೆಲಸ. ಹೊಸೂರು ರಸ್ತೆಯ ಸರ್ವಿಸ್ ರೋಡಿನಲ್ಲಿ ಸೊಣ್ಣಪ್ಪನ ನರ್ಸರಿ ಇತ್ತು. ಮಗ ಸೊಸೆ ಕೆಲಸಕ್ಕೆ ಹೋಗಿ, ಗಂಡ ಊಟ ಮಾಡಿ ಒರಗಿದ ಮೇಲೆ ಅವಳು ಅಲ್ಲಿಗೆ ನಡೆದು ಹೋಗಿ, ಮನೆಯಲ್ಲಿರುವುದರಷ್ಟೇ ಎತ್ತರದ, ಅಷ್ಟೇ ಕವಲಿನ ತುಳಸಿ ಹುಡುಕುವಳು. ತಂದು, ಹಳೆಯದನ್ನು ಕಿತ್ತು, ಅದೇ ಜಾಗದಲ್ಲಿ ನೆಟ್ಟು, ಅದೇ ಒಣಗಿದ ಚೆಂಡುಹೂವನ್ನು ಬುಡಕ್ಕೆ ಇಡುವಳು. ಮಂಗಳವಾರ, ಶುಕ್ರವಾರ ತುಳಸಿ ಕೀಳುವಂತಿಲ್ಲ. ಹಾಗಾಗಿ ಗುರುವಾರ ಎಲೆ ಬಾಡಿತೆಂದರೆ ಶನಿವಾರದವರೆಗೆ ಜೀವ ಕೈಯಲ್ಲಿ ಹಿಡಿದಿರಬೇಕು. ಶನಿವಾರ ಮಗನಿಗೆ ರಜೆ, ಅವನ ಕಣ್ಣೂ ತಪ್ಪಿಸಬೇಕು. ಇನ್ನು ಸತ್ತ ಗಿಡ. ಅದನ್ನು ಕಸದ ಬುಟ್ಟಿಗೆ ಹಾಕುವುದುಂಟೇ? ಬೀದಿ ಕೊನೆಯ ಅಶ್ವತ್ಥಕಟ್ಟೆಯವರೆಗೆ ಹೊತ್ತು, ಮರದ ಬುಡಕ್ಕೆ ಇಟ್ಟು, ಕೈ ಮುಗಿದು ಬರಬೇಕು. ಲಿಫ್ಟು ಕೆಟ್ಟ ದಿನ ಬರುವಾಗ ಮತ್ತೆ ಅದೇ ಮೆಟ್ಟಿಲು. ಎರಡನೇ ಮಹಡಿಯ ತಿರುವಿನಲ್ಲಿ ಕೂತು ಸುಧಾರಿಸಿಕೊಳ್ಳುವಾಗ, ಸಾಕಪ್ಪಾ ದೇವರೇ, ಎಂದು ಎಷ್ಟು ಸಲ ಅಂದುಕೊಂಡಳೋ.

"ಏನಮ್ಮಾ, ತುಳಸಿ ತೋಟ ಆಕ್ತಾ ಇದೀರಾ?" ಎಂದು ಸೊಣ್ಣಪ್ಪ ಒಂದು ದಿನ ಕೇಳಿಯೇ ಬಿಟ್ಟ.

"ಬರ್ತಾನೇ ಇಲ್ಲ ಸೊಣ್ಣಪ್ಪ. ದಿನಾ ನೀರು ಹಾಕ್ತೀನಿ, ದೀಪ ಹಚ್ತೀನಿ. ಎಲೆ ಹಳದಿಯಾಗುತ್ತೆ, ಉದುರುತ್ತೆ. ಬೃಂದಾವನ ಏನು ಚಿಕ್ಕದಲ್ಲ, ಇಷ್ಟೆತ್ತರ ಇದೆ."

"ದೊಡ್ಡದಿದ್ರೆ ಒಳ್ಳೇದೇ ಬುಡಿ. ಬೇವಿನ ಇಂಡಿ ಆಕಿ. ನೀರು ಸಾಲ್ತಾ ಇಲ್ವೇನೋ, ಇನ್ನೊಸಿ ಜಾಸ್ತಿ ಉಯ್ರಿ," ಅಂದ ಅವನು. ಮಾರುವವನು ತಾನೇ, ಅವನಿಗೇನು. ಸುಬ್ಬಲಕ್ಷ್ಮಿ ಹಿಂಡಿ ತಗೊಂಡಳು. ಪದೇ ಪದೇ ಬರಲಾರೆ ಎಂದು ಆ ದಿನ ಎರಡು ತುಳಸಿ ಕೊಂಡಳು: ಒಂದು ಬೃಂದಾವನಕ್ಕೆ, ಇನ್ನೊಂದು ಅದು ಸತ್ತರೆ ಇರಲಿ ಎಂದು. ಆ ಎರಡನೆಯದು ಬೊಗಸೆಯಲ್ಲಿ ಹಿಡಿಸುವಂಥ ಸಣ್ಣ ಮಣ್ಣಿನ ಕುಂಡದಲ್ಲಿತ್ತು. ಅದನ್ನು ಅಡುಗೆಮನೆಯ ಹಿಂದಿನ ಪಾತ್ರೆ ತೊಳೆಯುವ ಜಾಗದಲ್ಲಿ, ವಾಷಿಂಗ್ ಮೆಷಿನ್ನಿನ ಆಚೆ, ಕಿಟಕಿಯ ಸರಳಿಗೆ ಒತ್ತಿಟ್ಟಳು. ಮನೆಯವರಾರೂ ಅಲ್ಲಿಗೆ ತಲೆ ಹಾಕುವವರಲ್ಲ.

ಬೃಂದಾವನದ ತುಳಸಿಗೆ ಅರಿಶಿನ, ಕುಂಕುಮ, ಹೂವು, ಮಂಗಳಾರತಿ. ಇದಕ್ಕೆ ಏನೂ ಇಲ್ಲ. ನೆನಪಾದ ದಿನ ಅಕ್ಕಿ ತೊಳೆದ ನೀರು ಅರ್ಧ ಲೋಟ, ಮರೆತ ದಿನ ಅದೂ ಇಲ್ಲ. ಬೃಂದಾವನದ್ದು ಮತ್ತೆ ಹಳದಿಯಾಯಿತು. ಸುಬ್ಬಲಕ್ಷ್ಮಿ ನಿಟ್ಟುಸಿರು ಬಿಟ್ಟು ಬದಲಿ ಗಿಡವನ್ನು ತರಲು ಹೋದವಳು ಹಾಗೇ ನಿಂತುಬಿಟ್ಟಳು. ಎಷ್ಟು ದಿನವಾಗಿತ್ತೋ ಅದರ ಮುಖ ನೋಡಿ! ತುಂಬಿಕೊಂಡ ಕವಲು, ಕಪ್ಪು ಹಸಿರಿನ ಎಲೆ, ತುದಿಯಲ್ಲಿ ಆಗಲೇ ತೆನೆ. ಸಾಬೂನಿನ ವಾಸನೆಯ ನಡುವೆಯೂ ಮೂಗಿಗೆ ಬಡಿಯುವ ಘಮ.

"ನಿನಗೇನೇ ಮಾಡಿದ್ದೆ ನಾನು?" ಎಂದು ಗಿಡವನ್ನೇ ಕೇಳಿದಳು.

ಬಾಲ್ಕನಿಗೆ ಬಂದು, ಬಳೆ ಮೇಲೆ ಸರಿಸಿ, ಬೃಂದಾವನದ ಮಣ್ಣಿನೊಳಗೆ ಕೈ ಇಳಿಸಿದಳು. ಮೇಲೆ ಬೆರಳಿನಷ್ಟು ಒಣಮಣ್ಣು, ಅದರ ಕೆಳಗೆ ಬರೀ ಕೆಸರು. ಮೂಗಿನ ಹತ್ತಿರ ತಂದರೆ ಮೋರಿಯ ನಾತ. ಗಿಡವನ್ನು ಎಳೆದದ್ದೇ ತಡ ಕೈಗೆ ಬಂತು, ಬೇರೆಲ್ಲ ಕಪ್ಪಗೆ ಕೊಳೆತು ಲೋಳೆಯಾಗಿತ್ತು. ಇಷ್ಟು ಸಲ ಕಿತ್ತು ನೆಡುವಾಗಲೂ, ಯಾರಾದರೂ ಕಂಡಾರೆಂಬ ಅವಸರದಲ್ಲಿ ಅವಳು ಇದನ್ನು ನೋಡಿಯೇ ಇರಲಿಲ್ಲ. ಗಿಡಕ್ಕೆ ಬಾಯಾರಿಕೆಯೇ ಆಗಿರಲಿಲ್ಲ. ಗೇಣುದ್ದದ ಸಸಿ ಕುಡಿಯುವುದು ಎಷ್ಟು? ಉಳಿದ ನೀರನ್ನು ಅಷ್ಟೂ ಮಣ್ಣು ಹೀರಿಟ್ಟುಕೊಂಡು ಕೂತಿತ್ತು. ಹೋಗಲು ದಾರಿ ಇರಲಿಲ್ಲ, ತೂತು ಮುಚ್ಚಿಸಿದ್ದಳಲ್ಲ ಪುಣ್ಯಾತ್ಗಿತ್ತಿ. ಚಿಕ್ಕ ಕುಂಡದ ಮಣ್ಣು ಸಂಜೆಗೆಲ್ಲ ಆರುತ್ತಿತ್ತು, ಗಿಡ ಉಸಿರಾಡುತ್ತಿತ್ತು. ಅವಳಿಗೆ ತನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೆಟ್ಟಿಲು ಹತ್ತಿ ಇಳಿದು ಕಾಲು ಸವೆಸಿದ್ದು, ದಿನಾ ಕೈ ಮುಗಿದು ಕೊಳೆಸುವುದಕ್ಕೇ ಆಗಿತ್ತು.

ಅವತ್ತೇ ಮಧ್ಯಾಹ್ನ ಸೊಣ್ಣಪ್ಪನಲ್ಲಿಗೆ ಹೋಗಿ ಮಣ್ಣಿನ ಕುಂಡಗಳ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅವನು ಅಭ್ಯಾಸದಂತೆ ದೊಡ್ಡದನ್ನೇ ಮುಂದಕ್ಕೆ ತಳ್ಳಿದ. ಅವಳು ಬೇಡವೆಂದಳು. ಮನೆಯಿಂದ ತಂದಿದ್ದ ಆ ಬದಲಿ ತುಳಸಿಯನ್ನು ಮಣ್ಣುಂಡೆ ಸಮೇತ ಬಿಡಿಸಿ, ಒಂದೊಂದೇ ಕುಂಡದೊಳಗೆ ಇಳಿಸಿ ನೋಡಿದಳು. ಬಳೆಗಾರ ಕೈ ಅದುಮಿ ನೋಡಿ ಅಳತೆ ಹೇಳುತ್ತಾನಲ್ಲ, ಹಾಗೆ. ಬೇರಿನ ಉಂಡೆಗೂ ಕುಂಡದ ಗೋಡೆಗೂ ನಡುವೆ ಸುತ್ತ ಎರಡು ಬೆರಳು ಆಡುವಷ್ಟು ಜಾಗ, ಬುಡದಲ್ಲಿ ತೂತು. ಅಷ್ಟಿದ್ದದ್ದನ್ನೇ ಆರಿಸಿದಳು.

"ಇಷ್ಟು ಚಿಕ್ಕದು ಯಾಕಮ್ಮಾ? ನಾಳೆ ಬೆಳೀತದಲ್ಲಾ?"

"ನಾಳೆ ಬೆಳೆದ್ರೆ ನಾಳೆ ಬರ್ತೀನಿ," ಅಂದಳು ಸುಬ್ಬಲಕ್ಷ್ಮಿ. ಅವಳಿಗೆ ಅವತ್ತು ವಿವರಿಸುವ ತ್ರಾಣ ಇರಲಿಲ್ಲ.

ಮನೆಯಲ್ಲಿ ಒಂದು ಸುಳ್ಳು ಹೇಳಿದಳು. ತುಳಸಿ ಹಬ್ಬ ಬರುತ್ತಿದೆ, ಬೃಂದಾವನದ ಬಣ್ಣ ಎದ್ದಿದೆ, ಬಳಿಸುವ ತನಕ ಗಿಡ ಕುಂಡದಲ್ಲಿರಲಿ ಎಂದು. ಮಣೆಯ ಮೇಲೆ ಕುಂಡ, ಕುಂಡದ ಕೆಳಗೆ ಒಂದು ಹಿತ್ತಾಳೆ ತಟ್ಟೆ. ಚೊಂಬಿನ ಮಾತೇ ಇಲ್ಲ, ಪೂಜೆಯ ಹೊತ್ತಿಗೆ ಒಂದು ಉದ್ಧರಣೆ ನೀರು, ಮಣ್ಣು ಒಣಗಿದ್ದರೆ ಮಾತ್ರ ಒಂದು ಲೋಟ. ಗಂಡ ತಲೆಯಾಡಿಸಿ ಪೇಪರು ಹಿಡಿದ. ಸುಕೃತಿ ಮಾತ್ರ ಕುಂಡವನ್ನು ಬಹಳ ಹೊತ್ತು ನೋಡಿ, "ಅದಕ್ಕೇನೂ ಆಗಿಲ್ಲ ತಾನೇ ಅತ್ತೆ?" ಎಂದು ಕೇಳಿದಳು. ಆಗ ಅವಳಿಗೆ ಐದು ತಿಂಗಳು ತುಂಬಿತ್ತು. "ಏನಾಗುತ್ತೆ, ಚೆನ್ನಾಗಿದೆ," ಅಂದಳು ಸುಬ್ಬಲಕ್ಷ್ಮಿ.

ವಾರ ಕಳೆಯುವಷ್ಟರಲ್ಲಿ ಕೆಳಗಿನ ಮನೆಯ ಲಕ್ಷ್ಮಯ್ಯನವರು ಸಂಕೋಚದಿಂದ ಬೆಲ್ ಒತ್ತಿದರು. "ತಪ್ಪು ತಿಳ್ಕೋಬೇಡಿ ಅಮ್ಮಾ. ದಿನಾ ಬೆಳಗ್ಗೆ ನಮ್ಮ ಬಾಲ್ಕನಿಗೆ ನೀರು ಸುರೀತಾ ಇದೆ. ಆಫೀಸಿಗೆ ಹೋಗೋ ಶೂ ಎಲ್ಲ ನೆನೆದುಹೋಗ್ತಿದೆ."

ಸುಬ್ಬಲಕ್ಷ್ಮಿ ಕಣ್ಣು ಕಣ್ಣು ಬಿಟ್ಟಳು. ಒಂದು ಉದ್ಧರಣೆ ನೀರು ಹೋಗಿ ಕೆಳಗಿನ ಮನೆಗೆ ಸುರಿಯುವುದೆಂದರೇನು? ಹೋಗಿ ನೋಡಿದರೆ ತಟ್ಟೆ ತುಂಬಿ ತುಳುಕಿದ ಗುರುತು, ನೆಲದ ಮೇಲೆ ಒದ್ದೆ.

ಮಾರನೇ ಬೆಳಗ್ಗೆ ಒಲೆ ಸಣ್ಣ ಮಾಡಿ, ಬಾಲ್ಕನಿಯ ಪರದೆಯ ಮರೆಯಲ್ಲಿ ನಿಂತಳು. ಮೊದಲು ಬಂದವನು ಪಟ್ಟಾಭಿರಾಮ. ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಬಂದು, ಅತ್ತಿತ್ತ ನೋಡಿ, ಒಂದು ಚೊಂಬು ನೀರನ್ನು ಪೂರ್ತಿ ಸುರಿದ. "ಮೊಮ್ಮಗು ಒಂದನ್ನ ಉಳಿಸಿಕೊಡು ತಾಯಿ," ಅಂದ. ಬೈಯಲು ಹೆಜ್ಜೆ ಎತ್ತಿದವಳು ಪರದೆಯ ಹಿಂದಕ್ಕೇ ಸರಿದಳು. ಅವನು ಹೋದ ಮೇಲೆ ಬಂದವನು ಋಷಿಕೇಶ. ದೇವರಿಗೆ ಕೈ ಮುಗಿ ಎಂದರೆ ಮುಖ ಸಿಂಡರಿಸುವ ಗಂಡು! ಹಲ್ಲುಜ್ಜುವ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು, ಕುಡಿಯುವ ಬಾಟಲಿಯಿಂದ ಗಳಗಳ ನೀರು ಹಾಕಿ, ಯಾರಾದರೂ ನೋಡಿದರೇನೋ ಎಂಬಂತೆ ಓಡಿದ. ಸುಬ್ಬಲಕ್ಷ್ಮಿ ಗೋಡೆಗೆ ಒರಗಿದಳು. ಇಷ್ಟು ದಿನ ಈ ನೀರೆಲ್ಲ ಆ ದೊಡ್ಡ ಬೃಂದಾವನದ ಹೊಟ್ಟೆಗೆ ಸೇರುತ್ತಿತ್ತು. ಒಂದು ಹನಿ ಹೊರಗೆ ಬಂದಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಒಬ್ಬೊಬ್ಬರೂ ಇನ್ನೊಬ್ಬರಿಗೆ ಹೇಳದೆ ಹೆದರಿಕೊಂಡು ಬದುಕುತ್ತಿದ್ದರು, ಒಂದೇ ಮನೆಯಲ್ಲಿ.

ಕೊನೆಗೆ ಸುಕೃತಿ ಬಂದಳು. ಹೆಗಲಿಗೆ ಆಫೀಸಿನ ಬ್ಯಾಗು, ಕೈಯಲ್ಲಿ ಚೊಂಬು, ಇನ್ನೊಂದು ಕೈ ಸೊಂಟದ ಮೇಲೆ. ಅಷ್ಟು ಹೊಟ್ಟೆ ಹೊತ್ತುಕೊಂಡು ಬಗ್ಗಿ ನೀರು ಹಾಕುತ್ತ, ತುಂಬಿದ ತಟ್ಟೆಯನ್ನು ಕಂಡು ಗಾಬರಿಯಾಗಿ ದುಪಟ್ಟದ ಅಂಚಿನಿಂದ ನೆಲ ಒರೆಸತೊಡಗಿದಳು. ಸುಬ್ಬಲಕ್ಷ್ಮಿಗೆ ತಡೆಯಲಾಗಲಿಲ್ಲ. ಪರದೆ ಸರಿಸಿ ಹೋಗಿ ತೋಳು ಹಿಡಿದಳು.

ಸುಕೃತಿ ಬೆಚ್ಚಿಬಿದ್ದಳು. "ಈ ಸಲ ನಾನು ಮರೀಲಿಲ್ಲ ಅತ್ತೆ," ಅಂದಳು, ಕೇಳುವ ಮೊದಲೇ. "ಒಂದಿನಾನೂ ಮರೀಲಿಲ್ಲ. ದೇವರಾಣೆಗೂ ಇಲ್ಲ."

ಸುಬ್ಬಲಕ್ಷ್ಮಿ ಮೊಣಕಾಲು ನೋವಿನ ಪರಿವೆ ಇಲ್ಲದೆ ಒದ್ದೆ ನೆಲದ ಮೇಲೇ ಕೂತಳು, ಇನ್ನೊಂದು ಮಣೆ ಎಳೆದು ಸೊಸೆಯನ್ನು ಅದರ ಮೇಲೆ ಕೂರಿಸಿದಳು. ಇಷ್ಟು ತಿಂಗಳು ಯಾವ ಮಾತು ಈ ಹುಡುಗಿಯ ಕಿವಿಗೆ ಬೀಳಬಾರದೆಂದು ಹೆಣಗಿದ್ದಳೋ ಅದನ್ನೇ ಹೇಳಿದಳು.

"ಅದು ಸತ್ತುಹೋಯ್ತು ಕಣಮ್ಮ."

"ಯಾವುದು?"

"ತುಳಸಿ. ನೀನು ಬಸುರಿಯಾದ ಮೇಲೆ ನಾಲ್ಕು ತುಳಸಿ ಸತ್ತಿವೆ. ನಾನೇ ಕದ್ದು ಕದ್ದು ಹೊಸದು ತಂದು ನೆಡ್ತಿದ್ದೆ, ನಿನಗೆ ಗೊತ್ತಾಗಬಾರದು ಅಂತ. ಡಾಕ್ಟ್ರು ನಿನಗೆ ಮಗು ಎದೆ ಬಡಿತ ಕೇಳಿಸಿದ್ರಲ್ಲ, ಅವತ್ತೇ ಒಂದು ಸತ್ತಿತ್ತು. ನೀನು ಸಂಜೆ ನಗ್ತಾ ಬಂದೆ, ನಾನು ಕೈಗೆ ಮೆತ್ತಿದ್ದ ಮಣ್ಣು ತೊಳ್ಕೋತಾ ಇದ್ದೆ. ಇನ್ನೊಂದು ಹೋದ ದಿನ ನೀನು ಆಫೀಸಿನವರ ಜೊತೆ ಪಾನಿಪೂರಿ ತಿಂದು ಬಂದು, ಜೀರ್ಣ ಆಗ್ದೆ ನನ್ನ ಹತ್ರ ಓಮದ ನೀರು ಮಾಡಿಸ್ಕೊಂಡೆ. ಗಿಡ ಸತ್ತಾಗೆಲ್ಲ ನೀನು ಚೆನ್ನಾಗಿದ್ದೆ. ಹೊಟ್ಟೇಲಿರೋದೂ ಚೆನ್ನಾಗಿತ್ತು."

ಸುಕೃತಿ ಅತ್ತೆಯ ಮುಖವನ್ನೇ ನೋಡಿದಳು.

"ಹಾಗಾದ್ರೆ ಮೊದಲನೇದು? ನಾನು ಎರಡು ದಿನ ನೀರು ಹಾಕ್ಲಿಲ್ಲ ಅತ್ತೆ. ಅದರಿಂದಾನೇ…"

"ಅಲ್ಲ."

"ಕಾಮಾಕ್ಷಿ ಅತ್ತೆ ಅಂದ್ರಲ್ಲ."

"ಅವರ ಬಾಯಿಗೆ ಬೆಂಕಿ ಬೀಳ! ಅವರು ಅಂದಾಗಲೇ ನಾನು ಬಾಯಿ ಮುಚ್ಚಿಸಬೇಕಿತ್ತು, ಮುಚ್ಚಿಸಲಿಲ್ಲ. ಆ ಗಿಡಾನ ನೀರು ಹಾಕಿ ಹಾಕಿ ಕೊಳೆಸಿದ್ದು ನಾನು. ನೀನು ಮರೆತ ಎರಡು ದಿನಾನೇ ಅದಕ್ಕೆ ಸಿಕ್ಕಿದ್ದ ಸುಖ. ಅದು ಹೋಗಿದ್ದು ನಿನ್ನಿಂದ ಅಲ್ಲ, ಮಗು ಹೋಗಿದ್ದೂ ನಿನ್ನಿಂದ ಅಲ್ಲ. ಕೇಳಿಸ್ತಾ? ನಿನ್ನಿಂದ ಅಲ್ಲ ಕಣೇ."

ಸುಕೃತಿ ಚೊಂಬನ್ನು ಕೆಳಗಿಟ್ಟಳು. ಆಸ್ಪತ್ರೆಯಿಂದ ಬಂದ ದಿನ ಅಳದವಳು, ಆಮೇಲೂ ಯಾರ ಮುಂದೆಯೂ ಅಳದವಳು, ಅತ್ತೆಯ ಹೆಗಲಿಗೆ ಮುಖ ಒತ್ತಿ ಮಕ್ಕಳ ಹಾಗೆ ದನಿ ತೆಗೆದು ಅತ್ತಳು. ಒಳಗಿನಿಂದ ಗಂಡಸರಿಬ್ಬರೂ ಓಡಿಬಂದು ಬಾಗಿಲಲ್ಲೇ ನಿಂತರು. ಸುಬ್ಬಲಕ್ಷ್ಮಿ ಅವರಿಗೆ, ಹೋಗಿ, ಎಂದು ಕೈ ಸನ್ನೆ ಮಾಡಿದಳು. ಕೆಳಗೆ ಗೇಟಿನ ಹತ್ತಿರ ಸುಕೃತಿಯ ಆಫೀಸಿನ ಬಸ್ಸು ಎರಡು ಮೂರು ಸಲ ಹಾರ್ನ್ ಮಾಡಿತು. ಸೊಸೆಯ ಬೆನ್ನು ಸವರುತ್ತಿದ್ದ ಕೈಯನ್ನು ಸುಬ್ಬಲಕ್ಷ್ಮಿ ತೆಗೆಯಲಿಲ್ಲ. ಬಸ್ಸು ಸ್ವಲ್ಪ ಹೊತ್ತು ಕಾದು ಹೊರಟುಹೋಯಿತು.